ಚ್ವಾನ್‌ಜೌ ಊರಿನ ಡ್ರ್ಯಾಗನ್‌ಗಳು: ಎಲ್ಲಿವೆ, ಯಾಕಿವೆ, ಕೆತ್ತಿಸುವಾಗ ಏನು ನೋಡಬೇಕು

ಪ್ರಶ್ನೆ: ನಾನು ಇಳಕಲ್‌ನವನು. ಗ್ರಾನೈಟ್ ವ್ಯವಹಾರದ ಮೇಲೆ ಚೀನಾದ ಫುಜಿಯಾನ್ ಪ್ರಾಂತ್ಯದ ಶುಯ್‌ಟೌ ಪೇಟೆಗೆ ಹೋಗಿಬರುತ್ತಿರುತ್ತೇನೆ. ಅಲ್ಲೂ ಪಕ್ಕದ ಚ್ವಾನ್‌ಜೌ ನಗರದಲ್ಲೂ ಗುಡಿಯ ಮಾಡು, ಕಂಬ, ದೋಣಿ, ಜಾಡಿ ಎಲ್ಲೆಲ್ಲೂ ಡ್ರ್ಯಾಗನ್. ಇದು ನಮ್ಮ ನಾಗನ ಇನ್ನೊಂದು ರೂಪವೇ? ಐದು ಉಗುರು, ನಾಲ್ಕು ಉಗುರು ಎನ್ನುವುದಕ್ಕೆ ಅರ್ಥವಿದೆಯೇ? ಮನೆ ಮುಂದೆ ನಿಲ್ಲಿಸಲು ಡ್ರ್ಯಾಗನ್ ಕಂಬದ ಜೋಡಿ ಕೆತ್ತಿಸಿ ತರಿಸುವ ಆಸೆ ಇದೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ನೀವು ಹೋಗುವ ಶುಯ್‌ಟೌ ಆಡಳಿತದ ಲೆಕ್ಕದಲ್ಲಿ ಚ್ವಾನ್‌ಜೌಗೇ ಸೇರಿದ್ದು. ಹಾಗಾಗಿ ಆ ನಗರ ಮತ್ತು ಅದರ ಸುತ್ತಲ ಕರಾವಳಿಯನ್ನೇ ಹಿಡಿದು ಉತ್ತರಿಸುತ್ತೇನೆ. ಬೀಜಿಂಗ್ ಅರಮನೆಯ ಡ್ರ್ಯಾಗನ್ನಿಗೂ ಇಲ್ಲಿನದಕ್ಕೂ ರೂಪ ಹೆಚ್ಚುಕಡಿಮೆ ಒಂದೇ, ಕೆಲಸ ಬೇರೆ. ಅಲ್ಲಿ ಅದು ಚಕ್ರವರ್ತಿಯ ಲಾಂಛನ, ಇಲ್ಲಿ ನೀರಿನ ಒಡೆಯ. ರೈತನಿಗೆ ಮಳೆ ಬೇಕು. ಮೀನುಗಾರನಿಗೆ ಬೇಸಿಗೆಯ ಕೊನೆಗೆ ಏಳುವ ಟೈಫೂನ್ ಬಿರುಗಾಳಿಯ ಭಯ. ಮರದ ತೊಲೆಗಳ ಗುಡಿ ನಡೆಸುವವರಿಗೆ ಬೆಂಕಿಯ ಅಂಜಿಕೆ. ಮೂವರೂ ಮೊರೆಹೋಗುವುದು ಇದಕ್ಕೇ. ಆದ್ದರಿಂದ ಡ್ರ್ಯಾಗನ್ ಕಂಡಾಗ ಮೊದಲು ಅದು ಕೂತಿರುವ ಜಾಗ ನೋಡಿ. ಜಾಗ ತಿಳಿದರೆ ಕೆಲಸ ತಿಳಿಯುತ್ತದೆ. ಉಗುರು ಎಣಿಸುವುದು ಆಮೇಲಿನ ಮಾತು.

ನಾಗನ ವಿಚಾರ ಮೊದಲು ಮುಗಿಸೋಣ. ಚೀನಾದ ಡ್ರ್ಯಾಗನ್ ನಮ್ಮ ನಾಗನಿಂದ ಹುಟ್ಟಿದ್ದಲ್ಲ. ಬೌದ್ಧಧರ್ಮ ಅಲ್ಲಿಗೆ ಹೋಗುವುದಕ್ಕೆ ಸಾವಿರಾರು ವರ್ಷ ಮೊದಲೇ, ಈಶಾನ್ಯ ಚೀನಾದ ಹೊಂಗ್‌ಶಾನ್ ಸಂಸ್ಕೃತಿಯವರು ಹಸಿರು ಜೇಡ್ ಕಲ್ಲಿನಲ್ಲಿ ಬಳೆಯಂತೆ ಬಾಗಿದ ಡ್ರ್ಯಾಗನ್ ಮಾಡಿದ್ದರು. ಸಾಂಗ್ ಅರಸರ ಕಾಲದ (10ರಿಂದ 13ನೇ ಶತಮಾನ) ಪಂಡಿತರು ಅದರ ಅಂಗಾಂಗಗಳಿಗೆ ಒಂಬತ್ತು ಹೋಲಿಕೆ ಹೇಳಿದ್ದಾರೆ: ಜಿಂಕೆಯ ಕೊಂಬು, ಒಂಟೆಯ ತಲೆ, ಭೂತದ ಕಣ್ಣು, ಹಾವಿನ ಕುತ್ತಿಗೆ, ಚಿಪ್ಪುಜೀವಿಯ ಹೊಟ್ಟೆ, ಮೀನಿನ ಹುರುಪೆ, ಹದ್ದಿನ ಉಗುರು, ಹುಲಿಯ ಅಂಗಾಲು, ಎತ್ತಿನ ಕಿವಿ. ಬೆನ್ನಿನ ಹುರುಪೆ 81, ಅಂದರೆ ಒಂಬತ್ತರ ಒಂಬತ್ತು ಪಟ್ಟು. ಹೆಡೆ ಈ ಪಟ್ಟಿಯಲ್ಲಿಲ್ಲ, ಕಾಲು ಇದೆ. ನಾಗರಕಲ್ಲಿನ ನಾಗನಿಗೆ ಹೆಡೆ ಇದೆ, ಕಾಲಿಲ್ಲ. ಹುತ್ತ, ಸಂತಾನ ಇವು ನಮ್ಮ ನಾಗನ ಕ್ಷೇತ್ರ. ಮೋಡ, ಹೊಳೆ, ಸಮುದ್ರ ಆ ಡ್ರ್ಯಾಗನ್ನಿನದು.

ಆದರೂ ನಂಟು ಇಲ್ಲ ಎನ್ನುವಂತಿಲ್ಲ. ಬೌದ್ಧ ಗ್ರಂಥಗಳ ಜೊತೆ ನಾಗರಾಜರ ಕಥೆಗಳು ಚೀನಾಕ್ಕೆ ಹೋದವು. ಅರಮನೆ, ಪರಿವಾರ, ಭಂಡಾರ ಎಲ್ಲ ಇರುವ ನೀರೊಳಗಿನ ಅರಸು ಎಂಬ ಕಲ್ಪನೆ ಅಲ್ಲಿಂದ ಬಂದು ಸ್ಥಳೀಯ ಡ್ರ್ಯಾಗನ್ನಿಗೆ ಸೇರಿಕೊಂಡಿತು. ನಾಲ್ಕು ದಿಕ್ಕಿನ ಸಮುದ್ರಕ್ಕೆ ನಾಲ್ವರು ಡ್ರ್ಯಾಗನ್ ರಾಜರು ಎನ್ನುವ ನಂಬಿಕೆ ಬೆಳೆದದ್ದು ಹಾಗೆ. ಹೊಯ್ಸಳ ಗುಡಿಗಳ ಪಟ್ಟಿಕೆಯಲ್ಲಿ ನೀವು ನೋಡುವ ಮಕರವೂ ಇದೇ ದಾರಿಯಲ್ಲಿ ಚೀನಾಕ್ಕೆ ಹೋಗಿ ಟ್ಯಾಂಗ್ ಅರಸರ ಕಾಲದ (7ರಿಂದ 10ನೇ ಶತಮಾನ) ಬೆಳ್ಳಿ ಪಾತ್ರೆಗಳ ಮೇಲೆ ಕಾಣಿಸಿಕೊಂಡಿದೆ. ಮೂಲ ಬೇರೆ, ನಡುದಾರಿಯಲ್ಲಿ ಕೊಡುಕೊಳ್ಳುವಿಕೆ ಆಗಿದೆ ಎಂದು ಹೇಳಿದರೆ ಸರಿಯಾಗುತ್ತದೆ.

ಇನ್ನು ಜಾಗಗಳು. ಮಾಡಿನಿಂದ ಶುರು ಮಾಡೋಣ.

ಹಳೇ ಪೇಟೆಯ ತುಮೆನ್ ಬೀದಿಯಲ್ಲಿ ಗ್ವಾನ್ ಯು ಮತ್ತು ಯುಎ ಫೇ ಎಂಬ ಇಬ್ಬರು ವೀರರ ಗುಡಿ ಇದೆ. ಅದರ ಪಕ್ಕದಲ್ಲೇ 1009ರಲ್ಲಿ ಕಟ್ಟಿದ ಚಿಂಗ್‌ಜಿಂಗ್ ಮಸೀದಿ. ಗುಡಿಯ ಎದುರಿನ ಫುಟ್‌ಪಾತಿನಲ್ಲಿ ನಿಂತು ಮೇಲೆ ನೋಡಿ. ಮಾಡಿನ ನೆತ್ತಿಗೆರೆ ಎರಡೂ ತುದಿಯಲ್ಲಿ ಮೇಲಕ್ಕೆ ಬಾಗಿ ಸೀಳಿಕೊಂಡಿರುತ್ತದೆ. ಈ ಸೀಮೆಯವರು ಅದನ್ನು ಕವಲುತೋಕೆ ಹಕ್ಕಿಯ ಬಾಲ ಎಂದೇ ಕರೆಯುತ್ತಾರೆ. ಅದರ ಮೇಲೆ ಹಳದಿ, ಹಸಿರು, ಕೆಂಪು ಬಣ್ಣದ ಡ್ರ್ಯಾಗನ್‌ಗಳು. ದೂರಕ್ಕೆ ಬಣ್ಣ ಬಳಿದ ಗಾರೆಯಂತೆ ಕಂಡರೂ ಬಣ್ಣ ಬಳಿದದ್ದಲ್ಲ. ಅಷ್ಟೂ ಪಿಂಗಾಣಿ ಬಟ್ಟಲು ಒಡೆದು ಕತ್ತರಿಸಿ ಅಂಟಿಸಿದ ತುಂಡುಗಳು. ಇಡೀ ದಕ್ಷಿಣ ಫುಜಿಯಾನ್ ಮತ್ತು ತೈವಾನಿನ ಗುಡಿಗಳಲ್ಲಿ ನಡೆದುಬಂದ ಕಸುಬಿದು. ಕಲ್ಲಿನ ಕೆಲಸ ಬಲ್ಲವರಿಗೆ ಇದರ ಕ್ರಮ ಹಿಡಿಸುತ್ತದೆಂದು ವಿವರವಾಗಿ ಬರೆಯುತ್ತೇನೆ.

ಮೊದಲು ನೆತ್ತಿಗೆರೆಯಲ್ಲಿ ಹುಗಿದ ಸರಳಿಗೆ ತಂತಿ ಬಿಗಿದು ಡ್ರ್ಯಾಗನ್ನಿನ ಎಲುಬುಗೂಡು ಕಟ್ಟುತ್ತಾರೆ. ಒಳಗೆ ಹಂಚು, ಇಟ್ಟಿಗೆ ಚೂರು ತುಂಬಿ ಮೇಲೆ ಗಾರೆ ಮೆತ್ತುತ್ತಾರೆ. ಗಾರೆಗೆ ಚಿಪ್ಪಿನ ಸುಣ್ಣ, ಮರಳು, ಸೆಣಬಿನಂಥ ನಾರು. ಅಂಟಿಸುವ ಮೇಲ್ಪದರದ ಸುಣ್ಣಕ್ಕೆ ಅಂಟಕ್ಕಿಯ ಗಂಜಿ ಮತ್ತು ಕಂದು ಸಕ್ಕರೆಯ ಪಾಕ ಸೇರುತ್ತದೆ. ನಮ್ಮ ಹಳೇ ಗಚ್ಚಿನಲ್ಲೂ ಬೆಲ್ಲದ ನೀರು ಬೀಳುತ್ತಿತ್ತು, ಕಾರಣವೂ ಅದೇ: ಸುಣ್ಣ ಬೇಗ ಒಣಗಿ ಬಿರಿಯದೆ ನಿಧಾನವಾಗಿ ಗಟ್ಟಿಯಾಗಲಿ, ಹಿಡಿತ ಬರಲಿ ಎಂದು. ಗಾರೆಯನ್ನು ಒಂದೇ ಸಲ ದಪ್ಪ ಮೆತ್ತುವುದಿಲ್ಲ. ಒಂದು ಪದರ ಬಿಗಿದ ಮೇಲೆ ಇನ್ನೊಂದು. ದಪ್ಪ ಮೆತ್ತಿದರೆ ಒಳಗಿನದು ಹಸಿ ಇರುವಾಗಲೇ ಹೊರಗಿನದು ಕುಗ್ಗಿ ಬಿರುಕು ಬಿಡುತ್ತದೆ.

ಬಟ್ಟಲುಗಳನ್ನು ಈ ಕೆಲಸಕ್ಕೆಂದೇ ಸುಡಿಸುತ್ತಾರೆ. ಗೋಡೆ ತೆಳು, ಬಣ್ಣ ಗಾಢ. ಇಕ್ಕಳದಲ್ಲಿ ಚಿವುಟಿ ಚಿವುಟಿ ತುಂಡನ್ನು ಆಕಾರಕ್ಕೆ ತರುತ್ತಾರೆ. ಚಪ್ಪಟೆ ಬಿಲ್ಲೆ ಬಿಟ್ಟು ಬಟ್ಟಲೇ ಯಾಕೆ ಎಂದರೆ ಅದರ ಬಾಗು. ಹುರುಪೆಗೆ ಬೇಕಾದ ಉಬ್ಬು ಬಟ್ಟಲಿನ ಗೋಡೆಯಲ್ಲಿ ತಾನಾಗಿ ಸಿಗುತ್ತದೆ. ಬಟ್ಟಲು ಸಣ್ಣದಾದಷ್ಟೂ ಬಾಗು ಹೆಚ್ಚು. ಹಾಗಾಗಿ ಬಾಲದ ಹುರುಪೆಗೆ ಒಂದು ಅಳತೆಯ ಬಟ್ಟಲು, ಹೊಟ್ಟೆಯ ಹತ್ತಿರಕ್ಕೆ ಇನ್ನೊಂದು. ಅಂಟಿಸುವುದು ಬಾಲದ ಕಡೆಯಿಂದ. ಹುರುಪೆಯ ತುದಿ ಬಾಲದ ಕಡೆ ನೋಡುವುದರಿಂದ, ಮುಂದಿನ ಸಾಲು ಹಿಂದಿನ ಸಾಲಿನ ಬುಡವನ್ನು ಮುಚ್ಚಿಕೊಂಡು ಹೋಗಬೇಕು. ಸೂರಿನಿಂದ ಮೇಲಕ್ಕೆ ಹಂಚು ಹೊದಿಸುವ ಕ್ರಮವೇ ಇದೂ. ಮೀಸೆಗೆ ಬರಿಯ ತಂತಿ ಬಿಟ್ಟಿರುತ್ತಾರೆ, ಗಾಳಿ ಬಂದಾಗ ಅದು ಅಲುಗುತ್ತದೆ.

ಇದು ಕೆಡುವುದು ಎಲ್ಲಿ? ಒಳಗಿನ ಕಬ್ಬಿಣದಲ್ಲಿ. ಸಮುದ್ರದ ಉಪ್ಪುಗಾಳಿ ಗಾರೆಯ ಸೀಳಿನಲ್ಲಿ ಇಳಿದು ತಂತಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಗಾರೆಯನ್ನು ಸೀಳುತ್ತದೆ, ಹುರುಪೆ ಉದುರುತ್ತದೆ. ದುರಸ್ತಿಯ ಹೆಸರಲ್ಲಿ ಸಿಮೆಂಟ್ ಮೆತ್ತಿದ ಕಡೆ ತೊಂದರೆ ಇನ್ನೂ ಜಾಸ್ತಿ. ಸಿಮೆಂಟ್ ಸುಣ್ಣದಷ್ಟು ಮಣಿಯುವುದಿಲ್ಲ, ಹಳೇ ಗಾರೆಯಿಂದ ಬಿಟ್ಟುಕೊಂಡು ಹಾಳೆಹಾಳೆಯಾಗಿ ಏಳುತ್ತದೆ. ಅಗ್ಗದ ಕೆಲಸದಲ್ಲಿ ಪಿಂಗಾಣಿಯ ಬದಲು ಬಣ್ಣದ ಗಾಜು ಹಾಕುವುದೂ ಉಂಟು, ಅದರ ಬಣ್ಣ ಬಿಸಿಲಿಗೆ ಸೋಲುತ್ತದೆ. ಈಚೆಗೆ ಅಚ್ಚಿನಲ್ಲಿ ಮಾಡಿ ಸುಟ್ಟ ಸಿದ್ಧ ಹುರುಪೆಗಳು ಬಂದಿವೆ. ಒಂದೇ ಅಳತೆಯ ನೂರಾರು ಹುರುಪೆ ಸಾಲಾಗಿ ಕಂಡರೆ ಅದು ಅಚ್ಚಿನದು ಎಂದು ತಿಳಿಯಿರಿ. ನನ್ನ ಮಟ್ಟಿಗೆ ಕೈಯಲ್ಲಿ ಚಿವುಟಿದ ಏರುಪೇರಿನ ಹುರುಪೆಯ ಕೆಲಸದ ಮುಂದೆ ಅದು ಸಪ್ಪೆ.

ಮಾಡಿನ ಮೇಲಿನ ಜೋಡಿ ಸಾಮಾನ್ಯವಾಗಿ ನಡುವಿನ ಒಂದು ಮಣಿಗೋ ಸಣ್ಣ ಗೋಪುರಕ್ಕೋ ಎದುರುಬದುರಾಗಿರುತ್ತದೆ. ಅಲ್ಲಿ ಅದರ ಕೆಲಸ ಬೆಂಕಿ ಕಾಯುವುದು. ನೀರಿನ ಒಡೆಯ ನೆತ್ತಿಯ ಮೇಲೆ ಇರುವಾಗ ಮರದ ತೊಲೆಗೆ ಬೆಂಕಿ ತಾಗದು ಎಂಬ ನಂಬಿಕೆ. ಸಾಮಾನ್ಯರ ಕೆಂಪಿಟ್ಟಿಗೆ ಮನೆಗಳಲ್ಲಿ ಆ ಬಾಗಿದ ನೆತ್ತಿಗೆರೆ ಇರಬಹುದು, ಡ್ರ್ಯಾಗನ್ ಇರುವುದಿಲ್ಲ. ಡ್ರ್ಯಾಗನ್ ಗುಡಿಗೆ ಮೀಸಲು.

ಕಂಬಕ್ಕೆ ಬಂದರೆ ನೀವು ದೂರ ಹೋಗಬೇಕಾಗಿಲ್ಲ. ಶುಯ್‌ಟೌನಿಂದ ಆನ್‌ಹಾಯ್ ಪೇಟೆಗೆ ಹಳೇ ಕೊಲ್ಲಿಯನ್ನು ದಾಟಿಸುವ ಆನ್‌ಪಿಂಗ್ ಸೇತುವೆ ಇದೆ. 1138ರಿಂದ 1151ರವರೆಗೆ ಕಟ್ಟಿದ್ದು, ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದ, ಪೂರ್ತಿ ಕಲ್ಲಿನದು. ಅದರ ಮೇಲೆ ನಡೆದೇ ಹೋಗಿ. ಕಾಲಡಿಯ ತೊಲೆಗಲ್ಲುಗಳನ್ನೂ, ನೀರಿನ ಸೆಳೆತಕ್ಕೆ ತಕ್ಕಂತೆ ಕೆಲವು ಚೌಕವಾಗಿ ಕೆಲವು ದೋಣಿಯ ಮೂತಿಯಂತೆ ಚೂಪಾಗಿ ಕಟ್ಟಿದ ಕಂಬಗಟ್ಟೆಗಳನ್ನೂ ಗಮನಿಸಿ. ಆ ಬದಿ ಇಳಿದರೆ ಆನ್‌ಹಾಯ್‌ನ ಲೋಂಗ್‌ಶಾನ್ ದೇಗುಲ. ತೈವಾನಿನಲ್ಲಿ ಇದೇ ಹೆಸರಿನ ಹೆಸರಾಂತ ದೇಗುಲಗಳಿಗೆ ಇದು ತಾಯಿಗುಡಿ. ಬೌದ್ಧರ ಕರುಣೆಯ ದೇವತೆ ಗ್ವಾನ್‌ಯಿನ್‌ಳ ಸಾವಿರ ಕೈಯ ಮೂರ್ತಿಗೆ ಪ್ರಸಿದ್ಧ. ನೀವು ನೋಡಬೇಕಾದ್ದು ಮುಂದಿನ ಜೋಡಿ ಕಂಬ. ಹಸಿರುಛಾಯೆಯ ಬೂದು ಕಲ್ಲಿನಲ್ಲಿ ಕಂಬವನ್ನು ಸುತ್ತಿಕೊಂಡ ಡ್ರ್ಯಾಗನ್. ಒಂದರ ಉಗುರಿನಲ್ಲಿ ಕಲ್ಲಿನ ನಗಾರಿ, ಇನ್ನೊಂದರಲ್ಲಿ ಕಲ್ಲಿನ ಜಾಗಟೆ. ತಟ್ಟಿದರೆ ಎರಡಕ್ಕೂ ಬೇರೆ ಬೇರೆ ನಾದ. ಒಂದೇ ಕಲ್ಲಿನ ಭಾಗಗಳನ್ನು ಎಷ್ಟು ದಪ್ಪ ಉಳಿಸಿದರೆ, ಹಿಂದೆ ಎಷ್ಟು ಪೊಳ್ಳು ಬಿಟ್ಟರೆ ಯಾವ ದನಿ ಬರುತ್ತದೆಂದು ಕೆತ್ತಿದವನಿಗೆ ಗೊತ್ತಿತ್ತು. ಚ್ವಾನ್‌ಜೌ ಕಲ್ಲುಕುಟಿಗರ ಕೈಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಹೊಳೆಯುವುದಿಲ್ಲ.

ಈ ಕಂಬಗಳಲ್ಲಿ ಹೆಚ್ಚಾಗಿ ಬಾಲ ಮೇಲಿರುತ್ತದೆ, ತಲೆ ಕೆಳಗಿಳಿದು ಮುಖ ಮಾತ್ರ ಎತ್ತಿರುತ್ತದೆ: ಆಕಾಶದಿಂದ ಮಳೆಯ ಜೊತೆ ಇಳಿದು ಬರುವ ಭಂಗಿ. ಎರಡೂ ಮುಖ ನಡುಬಾಗಿಲ ಕಡೆಗೆ. ಕಾಲದ ಅಂದಾಜು ಬೇಕೆಂದರೆ ಕೆತ್ತನೆಯ ಆಳ ನೋಡಿ. ಹಳೆಯವು ಸರಳ, ಒಂದೇ ಡ್ರ್ಯಾಗನ್, ಕಂಬದ ಮೈಗೆ ಅಂಟಿಕೊಂಡಂತೆ. ಈಚಿನವುಗಳಲ್ಲಿ ಮೋಡ, ಅಲೆ, ಸವಾರರು ಎಲ್ಲ ಸೇರಿ, ಹಿಂದೆ ಬೆರಳು ತೂರುವಷ್ಟು ಪೊಳ್ಳು ಕೊರೆದಿರುತ್ತಾರೆ.

ಗುಡಿಯ ಬಾಗಿಲಲ್ಲಿ ಒಂದು ರೂಢಿ ನೆನಪಿಡಿ. ದೇವರ ಎಡಗೈ ಕಡೆ ಡ್ರ್ಯಾಗನ್ನಿನದು, ಬಲಗೈ ಕಡೆ ಹುಲಿಯದು. ದಕ್ಷಿಣಕ್ಕೆ ಮುಖ ಮಾಡಿದ ಗುಡಿಯಲ್ಲಿ ಅವು ಪೂರ್ವ, ಪಶ್ಚಿಮ ಆಗುತ್ತವೆ. ಪೂರ್ವದ ಹಸಿರು ಡ್ರ್ಯಾಗನ್, ಪಶ್ಚಿಮದ ಬಿಳಿ ಹುಲಿ ಎಂಬುದು ಚೀನೀ ದಿಕ್ಪಾಲಕರ ಲೆಕ್ಕ. ಎದುರು ನಿಂತ ನಿಮಗೆ ಡ್ರ್ಯಾಗನ್ ಬಲಗಡೆ ಬರುತ್ತದೆ. ಬಲಬಾಗಿಲಲ್ಲಿ ಒಳಗೆ ಹೋಗಿ, ಎಡಬಾಗಿಲಲ್ಲಿ ಹೊರಗೆ ಬನ್ನಿ. ತಿರುವುಮುರುವಾದರೆ ಹುಲಿಯ ಬಾಯಿಗೆ ಹೋದ ಹಾಗೆ ಎನ್ನುತ್ತಾರೆ. ನಡುಬಾಗಿಲು ದೇವರದು, ಅದರಲ್ಲಿ ನುಗ್ಗಬೇಡಿ. ಹೊಸ್ತಿಲು ತುಳಿಯಬಾರದು ಎನ್ನುವುದು ನಮ್ಮಲ್ಲಿದ್ದಂತೆಯೇ.

ನಗರದಿಂದ ಈಶಾನ್ಯಕ್ಕೆ ಲುವೊಯಾಂಗ್ ಸೇತುವೆ. 1053ರಲ್ಲಿ ಶುರುವಾಗಿ 1059ರಲ್ಲಿ ಮುಗಿದದ್ದು. ಮುಗಿಸಿದವರು ಪ್ರಾಂತಾಧಿಕಾರಿಯೂ ಹೆಸರಾಂತ ಲಿಪಿಕಾರರೂ ಆದ ತ್ಸಾಯ್ ಶಿಯಾಂಗ್. ಇಲ್ಲಿನ ಡ್ರ್ಯಾಗನ್ ಕಥೆಯಲ್ಲಿದೆ. ಹೊಳೆ ಸಮುದ್ರ ಸೇರುವ ಜಾಗ, ಉಬ್ಬರದ ಸೆಳೆತಕ್ಕೆ ಅಡಿಗಲ್ಲು ನಿಲ್ಲುತ್ತಿರಲಿಲ್ಲ. ತ್ಸಾಯ್ ಶಿಯಾಂಗ್ ಸಮುದ್ರದ ಡ್ರ್ಯಾಗನ್ ರಾಜನಿಗೆ ಓಲೆ ಬರೆದು ಒಬ್ಬ ಸೇವಕನ ಕೈಲಿ ಕಳಿಸಿದರಂತೆ. ಉತ್ತರವಾಗಿ ಬಂದದ್ದು ಒಂದೇ ಒಂದು ಅಕ್ಷರ, ಹುಳಿರಸ ಎಂಬ ಅರ್ಥದ್ದು. ಆ ಅಕ್ಷರವನ್ನು ಬಿಡಿಸಿದರೆ ಇಪ್ಪತ್ತೊಂದನೆಯ ದಿನ, ಸಂಜೆ 5ರಿಂದ 7ರ ಹೊತ್ತು ಎಂದಾಗುತ್ತದೆ. ಆ ದಿನ ಆ ಹೊತ್ತಿಗೆ ನೀರು ಸರಿದು ಅಡಿಗಲ್ಲು ಇಳಿಯಿತು. ಕಥೆಯೊಳಗೆ ತಿಳಿವಳಿಕೆಯೂ ಇದೆ. ಚೀನೀ ಚಾಂದ್ರಮಾಸದ ಇಪ್ಪತ್ತೊಂದು ಎಂದರೆ ನಮ್ಮ ಬಹುಳ ಷಷ್ಠಿಯ ಆಸುಪಾಸು. ಅಷ್ಟಮಿ ಹತ್ತಿರವಾದಂತೆ ಉಬ್ಬರ ಇಳಿತ ಎರಡೂ ಸಣ್ಣದಾಗಿ ನೀರಿನ ಎಳೆತ ಕಡಿಮೆಯಾಗುವುದು ನಮ್ಮ ಕರಾವಳಿಯ ಮೀನುಗಾರರಿಗೂ ಗೊತ್ತಿರುವ ಸಂಗತಿ.

ಸೇತುವೆ ನಿಲ್ಲಿಸಿದ್ದು ಮೂರು ಉಪಾಯ. ಹೊಳೆಯ ತಳದುದ್ದಕ್ಕೂ ಬಂಡೆ ಸುರಿದು ಅಗಲವಾದ ಹಾಸು ಮಾಡಿಕೊಂಡರು. ತೊಲೆಗಲ್ಲುಗಳನ್ನು ತೆಪ್ಪದ ಮೇಲೆ ಹೇರಿ, ಉಬ್ಬರದಲ್ಲಿ ಕಂಬಗಟ್ಟೆಗಳ ನಡುವೆ ತಂದು, ನೀರು ಇಳಿಯುವಾಗ ತಾನಾಗಿ ಕೂರುವಂತೆ ಮಾಡಿದರು. ಕೊನೆಗೆ ಕಲ್ಲುಗಳ ಸಂದಿಗೆ ಸಿಂಪಿ ಬಿತ್ತಿದರು. ಸಿಂಪಿ ಬೆಳೆಯುತ್ತ ಚಿಪ್ಪಿನ ಸುಣ್ಣ ಸ್ರವಿಸಿ ಕಲ್ಲಿಗೆ ಕಲ್ಲು ಬೆಸೆಯಿತು. ಇಳಿತದ ಹೊತ್ತಿಗೆ ಹೋದರೆ ಗಟ್ಟೆಗಳ ಬುಡದಲ್ಲಿ ಸಿಂಪಿ ಇವತ್ತಿಗೂ ಕಾಣುತ್ತದೆ, ಉಬ್ಬರದಲ್ಲಿ ಹೋದರೆ ಬರೀ ನೀರು.

ಹಡಗಿನ ಮಾತು. ಸಾಂಗ್ ಕಾಲದಲ್ಲೂ ಅದರ ಮುಂದಿನ ಯುಆನ್ ಎಂಬ ಮಂಗೋಲ್ ಅರಸರ ಕಾಲದಲ್ಲೂ ಚ್ವಾನ್‌ಜೌ ಏಷ್ಯಾದ ದೊಡ್ಡ ರೇವುಗಳಲ್ಲಿ ಒಂದು. 1087ರಲ್ಲಿ ಇಲ್ಲಿ ಸರ್ಕಾರದ ಕಡಲವ್ಯಾಪಾರ ಕಚೇರಿ ತೆರೆಯಿತು. ಅರಬರು ಇದನ್ನು ಜೈತೂನ್ ಎಂದು ಕರೆದರು, ಊರ ಸುತ್ತ ನೆಟ್ಟಿದ್ದ ಮರದ ಚೀನೀ ಹೆಸರಿನಿಂದ. ಆ ಮರ ಬೇರೆ ಯಾವುದೂ ಅಲ್ಲ, ಮಲೆನಾಡಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ನಮ್ಮ ಹಾಲುವಾಣ. 14ನೇ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರು ಕಂಡ ಇಬ್ನ್ ಬತೂತ ಮುಂದೆ ಚೀನಾದಲ್ಲಿ ಇಳಿದದ್ದು ಇದೇ ರೇವಿನಲ್ಲಿ. 2021ರಲ್ಲಿ ನಗರದ 22 ತಾಣಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

1974ರಲ್ಲಿ ಹೌಜು ರೇವಿನ ಕೆಸರಿನಿಂದ ಸಾಂಗ್ ಕಾಲದ ಹಡಗೊಂದನ್ನು ತೆಗೆದರು. ಉಳಿದ ಭಾಗವೇ 24 ಮೀಟರ್ ಉದ್ದ. ಒಳಗೆ ಅಡ್ಡಗೋಡೆ ಹಾಕಿ 13 ಕೋಣೆ ಮಾಡಿದ್ದರು, ಒಂದಕ್ಕೆ ನೀರು ನುಗ್ಗಿದರೂ ಉಳಿದವು ತೇಲಿಸುತ್ತವೆ. ಅಡಿಯ ಬೆನ್ನುಮರವನ್ನು ಚೀನಾದಲ್ಲಿ ಡ್ರ್ಯಾಗನ್ ಎಲುಬು ಎನ್ನುತ್ತಾರೆ. ಅದರ ಜೋಡಣೆಯಲ್ಲಿ ಕೊರೆದ ಗುಳಿಗಳಲ್ಲಿ ಸಪ್ತರ್ಷಿ ಮಂಡಲದಂತೆ ಜೋಡಿಸಿದ ನಾಣ್ಯಗಳೂ ಒಂದು ಕಂಚಿನ ಕನ್ನಡಿಯೂ ಸಿಕ್ಕವು. ಸುಗಂಧದ ಮರ, ಕರಿಮೆಣಸು, ಅಡಿಕೆಯ ಜೊತೆ ತಿಮಿಂಗಿಲದ ಅಂಬರ್ ಕೂಡ ಸರಕಿನಲ್ಲಿತ್ತು. ಸಮುದ್ರದ ಮೇಲೆ ತೇಲಿಬರುವ ಆ ಪರಿಮಳದ ಗಡ್ಡೆಯನ್ನು ಚೀನೀಯರು ಮಲಗಿದ ಡ್ರ್ಯಾಗನ್ನಿನ ಜೊಲ್ಲು ಎಂದು ನಂಬಿದ್ದರು. ಈ ಕರಾವಳಿಯ ಮರದ ಹಡಗುಗಳ ಮೂತಿಯಲ್ಲಿ ಜೋಡಿ ಡ್ರ್ಯಾಗನ್ ಕಣ್ಣು ಬಡಿಯುತ್ತಾರೆ. ವ್ಯಾಪಾರದ ಹಡಗಿನ ಕಣ್ಣು ನೇರ ಮುಂದಕ್ಕೆ, ದಾರಿ ನೋಡಲು. ಮೀನು ಹಿಡಿಯುವುದರ ಕಣ್ಣು ತುಸು ಕೆಳಕ್ಕೆ, ಮೀನು ನೋಡಲು.

ಆದರೂ ಸಮುದ್ರಕ್ಕೆ ಹೋಗುವವರು ಕೊನೆಗೆ ನಂಬುವುದು ಡ್ರ್ಯಾಗನ್ನನ್ನಲ್ಲ, ಮಾಜು ತಾಯಿಯನ್ನು. 960ರಲ್ಲಿ ಪಕ್ಕದ ಮೇಯ್‌ಜೌ ದ್ವೀಪದಲ್ಲಿ ಹುಟ್ಟಿದಳೆನ್ನುವ ಲಿನ್ ಮನೆತನದ ಹೆಣ್ಣುಮಗಳು ತೀರಿಕೊಂಡ ಮೇಲೆ ಕಡಲಿನ ದೇವತೆಯಾದಳು. ಚ್ವಾನ್‌ಜೌನ ಅವಳ ಗುಡಿ 1196ರದು. ನಾಲ್ಕು ಸಮುದ್ರದ ಡ್ರ್ಯಾಗನ್ ರಾಜರೂ ಅವಳ ಆಜ್ಞೆಗೆ ಬಾಗುತ್ತಾರೆ ಎಂಬುದು ಭಕ್ತರ ಮಾತು. ಅವಳ ಗುಡಿಯ ಡ್ರ್ಯಾಗನ್ ಕಂಬಗಳನ್ನು ಹಾಗೆಯೇ ನೋಡಬೇಕು: ಅವು ಅಲ್ಲಿ ಸೇವೆಗೆ ನಿಂತಿವೆ.

ಗುಡಿ ನೋಡುತ್ತ ಹೋದವರು ಪಶ್ಚಿಮ ಬೀದಿಯ ಕೈಯುಆನ್ ದೇಗುಲವನ್ನು ಬಿಡಬಾರದು. ಮುಖ್ಯ ಮಂದಿರದ ಹಿಂಬದಿಯ ಜಗಲಿಯ ಎರಡು ಕಂಬಗಳಲ್ಲಿ ನರಸಿಂಹ ಇದ್ದಾನೆ, ಒರಳು ಎಳೆದು ಜೋಡಿ ಮರ ಉರುಳಿಸುವ ಬಾಲಕೃಷ್ಣ ಇದ್ದಾನೆ. ತಮಿಳು ವರ್ತಕರು ಇಲ್ಲಿ ಕಟ್ಟಿದ್ದ ಗುಡಿಯ ಕಲ್ಲುಗಳು ಅವು. 1281ರ ತಮಿಳು ಶಾಸನವೂ ಈ ಊರಲ್ಲೇ ಸಿಕ್ಕಿದೆ. ಹಸಿರು ಕಲ್ಲಿನ ಮೇಲೆ ದಕ್ಷಿಣ ಭಾರತದ ದೇವರನ್ನು ಫುಜಿಯಾನಿನ ಉಳಿಯಲ್ಲಿ ಕಾಣುವುದು ಕಲ್ಲಿನವರಿಗೆ ದೊಡ್ಡ ಸಂತೋಷ.

ಜಾಡಿಯ ಮೇಲಿನ ಡ್ರ್ಯಾಗನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಆನ್‌ಹಾಯ್ ಹತ್ತಿರದ ತ್ಸಿಜಾವ್ ಒಲೆಗಳಲ್ಲಿ ಸುಟ್ಟ ಡ್ರ್ಯಾಗನ್ ಜಾಡಿಗಳು ಆಗ್ನೇಯ ಏಷ್ಯಾಕ್ಕೆ ಹೋಗುತ್ತಿದ್ದವು. ಚೀನಾದ ಡ್ರ್ಯಾಗನ್ ಜಾಡಿಗಳನ್ನು ಬೋರ್ನಿಯೋದ ಬುಡಕಟ್ಟುಗಳು ತಲೆಮಾರಿನ ಆಸ್ತಿಯಾಗಿ ಕಾಪಾಡಿಕೊಂಡಿವೆ. ಸುಡುವ ಒಲೆಗೂ ಡ್ರ್ಯಾಗನ್ ಒಲೆ ಎಂದೇ ಹೆಸರು: ಗುಡ್ಡದ ಇಳಿಜಾರಿನಲ್ಲಿ ಉದ್ದಕ್ಕೆ ಮಲಗಿದ ಸುರಂಗ, ಕೆಳಗೆ ಬೆಂಕಿಬಾಯಿ, ಮೇಲೆ ಹೊಗೆ ಹೋಗುವ ಬಾಲ. ಕೆಳಗಿನ ಭಾಗ ಕಾದ ಮೇಲೆ ಪಕ್ಕದ ತೂತುಗಳಿಂದ ಕಟ್ಟಿಗೆ ಹಾಕುತ್ತ ಮೇಲಕ್ಕೆ ಹೋಗುತ್ತಾರೆ. ಕೆಳಗಿನ ಬಿಸಿಯೇ ಮೇಲಿನದನ್ನು ಮುಂಚಿತವಾಗಿ ಕಾಯಿಸಿಡುವುದರಿಂದ ಸೌದೆ ಉಳಿಯುತ್ತದೆ.

ಉಗುರಿನ ಲೆಕ್ಕ. ಟ್ಯಾಂಗ್ ಕಾಲದ ಡ್ರ್ಯಾಗನ್‌ಗಳಿಗೆ ಹೆಚ್ಚಾಗಿ ಮೂರೇ ಉಗುರು. 1314ರಲ್ಲಿ ಯುಆನ್ ಆಸ್ಥಾನ ಎರಡು ಕೊಂಬು, ಐದು ಉಗುರಿನ ಡ್ರ್ಯಾಗನ್ನನ್ನು ಜನಸಾಮಾನ್ಯರ ಉಡುಗೆಯಿಂದ ನಿಷೇಧಿಸಿತು. ಆಮೇಲೆ ಬಂದ ಮಿಂಗ್, ಚಿಂಗ್ ಮನೆತನದ ಅರಸರು ಐದನ್ನು ತಮಗೆ ಇಟ್ಟುಕೊಂಡರು, ನಾಲ್ಕು ಕೆಳಗಿನ ದರ್ಜೆಗೆ ಹೋಯಿತು. 1912ರಲ್ಲಿ ಅರಸೊತ್ತಿಗೆ ಮುಗಿದ ಮೇಲೆ ತಡೆಯುವವರಿಲ್ಲ. ಹಾಗಾಗಿ ಐದು ಉಗುರು ಇದ್ದ ಮಾತ್ರಕ್ಕೆ ಅರಮನೆಯ ವಸ್ತು ಎಂದು ಯಾರಾದರೂ ಬೆಲೆ ಏರಿಸಿದರೆ ನಂಬಬೇಡಿ. ಬಹಳ ಸಲ ಅದು ವಸ್ತು ಹೊಸದು ಎನ್ನುವುದರ ಗುರುತು. ದೇಶಕ್ಕೊಂದು ಉಗುರಿನ ಲೆಕ್ಕ ಎಂದು ಹೇಳುವ ಪ್ರವಾಸಿ ಮಾರ್ಗದರ್ಶಿಗಳ ಕಥೆಗಳನ್ನೂ ಪಕ್ಕಕ್ಕಿಡಿ.

ನಿಮ್ಮ ಪ್ರವಾಸ ಚೀನೀ ಐದನೇ ತಿಂಗಳ ಐದನೇ ದಿನಕ್ಕೆ, ಅಂದರೆ ಸಾಮಾನ್ಯವಾಗಿ ಜೂನ್ ಹೊತ್ತಿಗೆ ಬಿದ್ದರೆ, ಆನ್‌ಹಾಯ್‌ನಲ್ಲಿ ಉಳಿಯಿರಿ. ಬೇರೆ ಕಡೆ ಡ್ರ್ಯಾಗನ್ ದೋಣಿಯ ಪಂದ್ಯವಾದರೆ ಇಲ್ಲಿ ಮರದ ಡ್ರ್ಯಾಗನ್ ರಾಜನ ತಲೆಯನ್ನು ಹೊತ್ತು ಮನೆಮನೆಗೆ ಹೋಗುತ್ತಾರೆ. ಧ್ವಜ ಹಿಡಿದವನು ಒಳಗೆ ಓಡಿ ಬಾಗಿಲ ಮೇಲುಪಟ್ಟಿಯನ್ನು ಧ್ವಜದಲ್ಲಿ ಗುಡಿಸುತ್ತಾನೆ, ಮಳೆಗಾಲದ ರೋಗರುಜಿನ ಆಚೆ ಹೋಗಲೆಂದು. ಜೊತೆಗಿದ್ದವರು ಸೋ ಲೋ ಲಿಯೆನ್ ಎಂದು ಪಲ್ಲವಿ ಹಾಡುತ್ತಾರೆ, ಮನೆಯವರಿಗೆ ಹೂವು ಕೊಡುತ್ತಾರೆ. ಅದೇ ದಿನ ನೀರಿನ ಮೇಲೆ ಚಾಚಿದ ಜಾರುವ ಗಳದ ತುದಿಯ ಬಾತುಕೋಳಿ ಹಿಡಿಯುವ ಆಟವೂ ಇದೆ.

ಈಗ ನಿಮ್ಮ ಜೋಡಿ ಕಂಬ. ಕೆತ್ತನೆಗೆ ಹುಯಿಆನ್ ಕಡೆಯ ಕುಟಿಗರನ್ನೇ ಹುಡುಕಿ, ಅದೂ ಚ್ವಾನ್‌ಜೌ ವ್ಯಾಪ್ತಿಯದೇ. 2006ರಲ್ಲಿ ಅವರ ಕಸುಬು ಚೀನಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿದೆ. ಅವರ ಕೆಲಸ ನಾಲ್ಕು ಹಂತದ್ದು: ನಕ್ಷೆ ಅಥವಾ ಮಣ್ಣಿನ ಮಾದರಿ ಮಾಡುವುದು, ಒಳಗಿನ ಪೊಳ್ಳು ತೆಗೆಯುವುದು, ಹೊರಗಿನ ಹೆಚ್ಚುವರಿ ಬಿಡಿಸುವುದು, ಕೊನೆಗೆ ನಯಗೆಲಸ. ಮುಂಗಡ ಕೊಡುವ ಮೊದಲು ಮಾದರಿ ನೋಡಿ ಒಪ್ಪಿಕೊಳ್ಳಿ. ಕಲ್ಲಿನಲ್ಲಿ ಪೊಳ್ಳು ತೆಗೆದ ಮೇಲೆ ಬದಲಾವಣೆ ಹೇಳಿ ಪ್ರಯೋಜನವಿಲ್ಲ.

ಇಳಕಲ್ಲಿನ ಕೆಂಪು ಕಲ್ಲಲ್ಲೇ ಕೆತ್ತಿಸುವ ಆಸೆ ಇದ್ದರೆ ಬಿಡಿ. ಅದರ ಹರಳು ದಪ್ಪ. ಮೀಸೆ, ಉಗುರು, ಕೊಂಬಿನ ತುದಿ ತೆಳುವಾದಾಗ ಉಳಿಯ ಏಟು ಹರಳಿನ ಅಂಚಿನಲ್ಲೇ ಬಿಡಿಸಿಕೊಂಡು ಹೋಗುತ್ತದೆ. ಹಳೇ ಕುಟಿಗರು ಬಳಸಿದ ಹಸಿರು ಕಲ್ಲು ಡಯಾಬೇಸ್, ಸಣ್ಣ ಹರಳಿನದು. ನಮ್ಮ ಚಾಮರಾಜನಗರ, ಕನಕಪುರದ ಕರಿಕಲ್ಲು ಅದೇ ಜಾತಿಗೆ ಸೇರಿದ್ದು. ನಿಮ್ಮದೇ ಕಲ್ಲು ಕಳಿಸುವಿರಾದರೆ ಅದನ್ನು ಕಳಿಸಿ. 3 ಮೀಟರ್ ಎತ್ತರ, 45 ಸೆಂಟಿಮೀಟರ್ ಅಡ್ಡಳತೆಯ ಕಂಬಕ್ಕೆ 55 ಸೆಂಟಿಮೀಟರ್ ಚೌಕದ ಬ್ಲಾಕ್ ಬೇಕು, ತೂಕ ಸುಮಾರು 2.7 ಟನ್. ಕೆತ್ತಿ ಮುಗಿದಾಗ 1.4 ಟನ್ ಹತ್ತಿರ ಉಳಿಯುತ್ತದೆ, ಪೊಳ್ಳು ಜಾಸ್ತಿಯಾದರೆ ಇನ್ನೂ ಕಡಿಮೆ.

ಕೆಲಸ ಒಪ್ಪಿಕೊಳ್ಳುವ ದಿನ ಒಂದು ಬಕೆಟ್ ನೀರು ತರಿಸಿ ಪೂರ್ತಿ ಒದ್ದೆ ಮಾಡಿ, ಒಣಗುವುದನ್ನು ನಿಂತು ನೋಡಿ. ಬಿರುಕಿದ್ದಲ್ಲಿ ನೀರು ಕೊನೆಗೆ ಆರುತ್ತದೆ, ಕಪ್ಪು ಗೆರೆ ಉಳಿಯುತ್ತದೆ. ಮುರಿದು ಅಂಟಿಸಿದ್ದಲ್ಲಿ ರಾಳ ನೀರು ಕುಡಿಯುವುದಿಲ್ಲ, ಅಲ್ಲಿ ಮಾತ್ರ ಬೇಗ ಒಣಗಿ ಮಚ್ಚೆಯಂತೆ ಕಾಣುತ್ತದೆ. ಆ ರಾಳ ನಮ್ಮ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಹಳದಿಗಟ್ಟುತ್ತದೆ. ಕರಿಕಲ್ಲಾದರೆ ತೆಳ್ಳನೆಯ ಬಟ್ಟೆಗೆ ಥಿನ್ನರ್ ಹಾಕಿ ಒರೆಸಿ, ಬಟ್ಟೆ ಕಪ್ಪಾದರೆ ಬಣ್ಣ ಹಾಕಿದ್ದಾರೆ ಎಂದು ಅರ್ಥ. ಸುತ್ತಿಗೆಯಲ್ಲಿ ತಟ್ಟಿ ನಾದ ಕೇಳುವುದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಕಣ್ಣಿಗೆ ಬೀಳದ ಜಾಗಗಳೇ ಕೈಕೆಲಸವನ್ನು ಹೇಳುತ್ತವೆ. ಉಗುರಿನ ತಳ, ದವಡೆಯ ಒಳಗು, ಮೋಡದ ಹಿಂಬದಿಯ ಪೊಳ್ಳು. ಅಲ್ಲಿ ಒಂದೇ ಸಮನೆ ಗ್ರೈಂಡರಿನ ಗೀರು ಇದ್ದರೆ ಉಳಿ ಅಲ್ಲಿಗೆ ಹೋಗಿಲ್ಲ. ಹುರುಪೆ ಬಾಲದ ಕಡೆಗೆ ಕಿರಿದಾಗುತ್ತ ಹೋಗಬೇಕು, ಹೊಟ್ಟೆಯಲ್ಲಿ ಹುರುಪೆಯ ಬದಲು ಅಡ್ಡಪಟ್ಟಿ ಇರಬೇಕು. ಎರಡು ಕಂಬ ಒಂದರ ನಕಲು ಇನ್ನೊಂದಾಗಿದ್ದರೆ ತಿರಸ್ಕರಿಸಿ. ಜೋಡಿ ಎಂದರೆ ಕನ್ನಡಿಯ ಬಿಂಬದಂತೆ ಎದುರುಬದುರು ತಿರುಗಿರಬೇಕು.

ಎರಡೂ ತುದಿಯಲ್ಲಿ ಕೆತ್ತದ ಗೂಟ ಬಿಡಿಸಿಕೊಳ್ಳಿ. ಎತ್ತುವ ಪಟ್ಟಿಯನ್ನು ಅಲ್ಲಿಗೇ ಹಾಕಬೇಕು, ನಿಲ್ಲಿಸುವಾಗ ಅದೇ ಕುಳಿಯಲ್ಲಿ ಕೂರುತ್ತದೆ. ಕ್ರೇಟಿನಲ್ಲಿ ಕಂಬ ಮಲಗಿರಲಿ. ಆಧಾರ ತುದಿಗಳಲ್ಲಿ ಬೇಡ, ಎರಡೂ ತುದಿಯಿಂದ ಉದ್ದದ ಐದನೇ ಒಂದು ಭಾಗ ಒಳಗೆ ಕೊಡಿ, ಆಗ ನಡುವಿನ ಮೇಲೆ ಬೀಳುವ ಬಾಗುವ ಒತ್ತಡ ತೀರ ಕಡಿಮೆ. ಆಧಾರ ಬರುವ ಆ ಎರಡು ಕಡೆ ಮೀಸೆ, ಉಗುರು ಬಾರದಂತೆ ಮಾದರಿಯಲ್ಲೇ ನೋಡಿಕೊಳ್ಳಿ. ಕ್ರೇಟಿನ ಮರಕ್ಕೆ ಐಎಸ್‌ಪಿಎಂ-15 ಮುದ್ರೆ (ಹುಳು ಸಾಯುವಂತೆ ಮರವನ್ನು ಸಂಸ್ಕರಿಸಿದ್ದಾರೆ ಎಂಬ ಅಂತರರಾಷ್ಟ್ರೀಯ ಗುರುತು) ಇಲ್ಲದಿದ್ದರೆ ನಮ್ಮ ಬಂದರಿನಲ್ಲಿ ಸರಕು ನಿಲ್ಲುತ್ತದೆ. ಎರಡು ಕ್ರೇಟಿನ ಮೇಲೂ ಎಡ, ಬಲ ಎಂದು ಕೆತ್ತಿದವರ ಕೈಲೇ ಬರೆಸಿ, ಅದು ಮನೆಯೊಳಗಿಂದ ಹೊರಗೆ ನೋಡುವವರ ಎಡವೋ, ಹೊರಗಿಂದ ಬರುವವರ ಎಡವೋ ಎಂಬುದನ್ನೂ ಸೇರಿಸಿ. ಇದು ಗೊಂದಲವಾದರೆ ಎರಡೂ ಡ್ರ್ಯಾಗನ್ ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತವೆ, ಕುಳಿಗೆ ಗಾರೆ ಸುರಿದ ಮೇಲೆ ತಿರುಗಿಸುವುದಕ್ಕೆ ಆಗುವುದಿಲ್ಲ.